ಕಿಟಕಿಯ ಹೂಪೆಟ್ಟಿಗೆಗೆ ಮೊದಲು ನೀರಿನ ದಾರಿ

ಮಗಳೇ, ಬಂಟ್ವಾಳದ ಹೊಸ ಮನೆಯ ಕಿಟಕಿಗೆ ಮರದ ಪೆಟ್ಟಿಗೆ ಕೂರಿಸಿ ಹೂಗಿಡ ಬೆಳೆಸಬೇಕು ಅಂದೆಯಲ್ಲ, ಕೇಳಿ ಖುಷಿಯಾಯಿತು. ಅಂಗಳವಿಲ್ಲದ ಮನೆಗೆ ಹೂ ಬೇಕೆಂದರೆ ಅದೇ ಒಳ್ಳೆಯ ದಾರಿ. ಆದರೆ ನೀನು ಚಿತ್ರದಲ್ಲಿ ತೋರಿಸಿದ ಪೆಟ್ಟಿಗೆಗಳು ಬೇರೆ ಹವೆಯವು. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಘಟ್ಟದ ಬುಡದ ಬೆಳ್ತಂಗಡಿ ಕಡೆ ಇನ್ನೂ ಜೋರು. ಮರದ ಪೆಟ್ಟಿಗೆಗೆ ನೇರವಾಗಿ ಮಣ್ಣು ತುಂಬಿದರೆ ಅದು ಬೇಗ ಕುಂಬಾಗುತ್ತದೆ. ಆದ್ದರಿಂದ ಪೆಟ್ಟಿಗೆಗೆ ಮಣ್ಣು ಹಾಕಬೇಡ. ಹೂಚಟ್ಟಿ ಇಡು. ಹೊರಗಿನಿಂದ ಕಾಣುವುದು ಮರ ಮತ್ತು ಹೂ, ಒಳಗೆ ಬೇಕಾದಾಗ ಎತ್ತಿ ತೆಗೆಯುವ ಚಟ್ಟಿಗಳು.

ಮೂಡುಬಿದಿರೆಗೆ ಹೋದಾಗ ಚೌಟರ ಅರಮನೆಯ ಮರದ ಕಂಬಗಳನ್ನು ನಿಧಾನವಾಗಿ ನೋಡು. ನವನಾರಿ ಕುಂಜರ, ಪಂಚನಾರಿ ತುರಗ ಕೆತ್ತಿದ ಆ ಕಂಬಗಳು ನೂರಾರು ವರ್ಷದಿಂದ ನಿಂತಿವೆ. ಮರ ಗಟ್ಟಿ, ನಿಜ. ಅದರಷ್ಟೇ ಮುಖ್ಯ, ಮೇಲೆ ಮಾಡು ಇದೆ, ಮಳೆ ಮೈಗೆ ತಾಗುವುದಿಲ್ಲ. ನಿನ್ನ ಪೆಟ್ಟಿಗೆಗೆ ಆ ಭಾಗ್ಯವಿಲ್ಲ, ಅದು ಸಜ್ಜೆಯಿಂದಲೂ ಹೊರಗೆ ಬರುತ್ತದೆ. ನೆನೆಯುವುದನ್ನು ತಪ್ಪಿಸಲಾಗದು, ಬೇಗ ಒಣಗುವಂತೆ ಮಾಡಬಹುದು.

ಮರಕ್ಕೆ ಮೊದಲು ಮಿಲ್ಲಿಗೆ ಓಡಬೇಡ. ಹಳೆಯ ಹಂಚಿನ ಮನೆ ಬಿಚ್ಚಿದ ಕಡೆ ಪಕ್ಕಾಸು, ಹಲಗೆ ಸಿಗುತ್ತದಾ ವಿಚಾರಿಸು. ಹೊಗೆ, ಗಾಳಿ ತಿಂದು ಚೆನ್ನಾಗಿ ಒಣಗಿದ ಮರ ಅದು, ಇನ್ನು ಡೊಂಕಾಗುವುದಿಲ್ಲ. ಹೊಸ ಮರವೇ ಬೇಕೆಂದರೆ ಹಲಸು ಅಥವಾ ಹೆಬ್ಬಲಸಿನ ಚೇಗು ತೆಗೆದುಕೋ. ಅಂಚಿನ ಬಿಳಿ ಭಾಗ ಇದ್ದರೆ ಆಚಾರ್ರಿಗೆ ಹೇಳಿ ಕೊಯ್ಯಿಸಿಬಿಡು, ಒರಲೆ ಮೊದಲು ಹಿಡಿಯುವುದು ಅದನ್ನೇ. ಮಾವು, ರಬ್ಬರ್ ಮರ ಅಗ್ಗ ಎಂದು ಯಾರಾದರೂ ಹೇಳಿಯಾರು, ಹೊರಗಿನ ಕೆಲಸಕ್ಕೆ ಅವು ಬೇಡ.

ಅಡಿಗೆ ಇಡೀ ಹಲಗೆ ಹೊಡೆಸಬೇಡ. ಅರ್ಧ ಇಂಚು ಸಂದು ಬಿಟ್ಟು ರೀಪು ಹೊಡೆಸು. ನೀರು ಕೆಳಗೆ ಇಳಿಯಬೇಕು, ಗಾಳಿ ಮೇಲೆ ಬರಬೇಕು. ಕಬ್ಬಿಣದ ಮೊಳೆ ತುಕ್ಕು ಹಿಡಿದು ಮರವನ್ನೂ ಕೆಡಿಸುತ್ತದೆ, ಹಿತ್ತಾಳೆ ಅಥವಾ ಸ್ಟೀಲಿನ ಸ್ಕ್ರೂ ಹಾಕಿಸು. ಪೆಟ್ಟಿಗೆಗೂ ಗೋಡೆಗೂ ಮಧ್ಯೆ ಒಂದು ಇಂಚು ಜಾಗ ಇರಲಿ. ಗೋಡೆಗೆ ತೇವ ಹಿಡಿಯುವುದಿಲ್ಲ, ಒರಲೆ ಮಣ್ಣಿನ ಗೆರೆ ಎಳೆದುಕೊಂಡು ಬಂದರೆ ಕಣ್ಣಿಗೆ ಬೀಳುತ್ತದೆ.

ಬಣ್ಣದ ಬದಲು ಗೇರೆಣ್ಣೆ ಬಳಿ. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಈ ಎಣ್ಣೆಯನ್ನು ನಮ್ಮ ಕರಾವಳಿಯವರು ದೋಣಿಗೂ ಮಾಡಿನ ಮರಕ್ಕೂ ಹಚ್ಚುತ್ತಾ ಬಂದವರು. ಆದರೆ ಜಾಗ್ರತೆ, ಚರ್ಮಕ್ಕೆ ತಾಗಿದರೆ ಸುಟ್ಟು ಗುಳ್ಳೆ ಏಳುತ್ತದೆ. ಕೈಗೆ ಗ್ಲೌಸ್ ಹಾಕು, ಮಗುವನ್ನು ಹತ್ತಿರ ಬಿಡಬೇಡ. ಏಪ್ರಿಲ್‌ನ ಬಿಸಿಲಲ್ಲಿ ಎರಡು ಸಲ ಹಚ್ಚಿ ಪೂರ್ತಿ ಒಣಗಿಸು. ಬೇರಿಗೆ ಈ ಎಣ್ಣೆ ತಾಗಬಾರದು, ಗಿಡ ಚಟ್ಟಿಯಲ್ಲೇ ಇರಲಿ ಅನ್ನುವುದಕ್ಕೆ ಅದೂ ಒಂದು ಕಾರಣ.

ಮೂರು ಅಡಿ ಉದ್ದದ ಪೆಟ್ಟಿಗೆ, ನಾಲ್ಕು ಚಟ್ಟಿ, ಒದ್ದೆ ಮಣ್ಣು ಎಲ್ಲ ಸೇರಿ 30 ಕಿಲೋ ದಾಟುತ್ತದೆ. ನಿನ್ನ ಗೋಡೆಯ ಮುರಕಲ್ಲು ಮೆದು, ಬರೀ ಪ್ಲಾಸ್ಟಿಕ್ ಗುಳಿಗೆ ಹೊಡೆದ ಸ್ಕ್ರೂ ಅದರಲ್ಲಿ ನಿಲ್ಲುವುದಿಲ್ಲ. ಗಾರೆಯವರನ್ನು ಕರೆಸಿ, ಆಳದ ತೂತಿಗೆ ಸಿಮೆಂಟ್ ತುಂಬಿ ಬೋಲ್ಟ್ ಕೂರಿಸಿ, ಅದಕ್ಕೆ ಕಬ್ಬಿಣದ ಕೋನ ಬಿಗಿಸು. ಕೆಳಗೆ ಜನ ಓಡಾಡುವ ಜಾಗವಾದರೆ ಇದರಲ್ಲಿ ಒಂದು ಪೈಸೆಯೂ ಉಳಿಸಬೇಡ. ಇನ್ನೊಂದು: ನಿನ್ನ ಕಿಟಕಿ ಬಾಗಿಲು ಹೊರಗೆ ತೆರೆಯುವಂಥದ್ದು. ಪೆಟ್ಟಿಗೆ ಎಂಟು ಇಂಚಾದರೂ ಕೆಳಗಿರಲಿ, ಇಲ್ಲದಿದ್ದರೆ ಪ್ರತಿ ಸಲ ಬಾಗಿಲು ತೆರೆಯುವಾಗ ಹೂವಿನ ತಲೆ ಮುರಿಯುತ್ತದೆ.

ಮಣ್ಣಿಗೆ ಸುಡುಮಣ್ಣು, ಹಳೆಯ ಹಟ್ಟಿಗೊಬ್ಬರ, ಹೊಯಿಗೆ ಸಮಪಾಲು. ಚಟ್ಟಿಯ ಅಡಿಗೆ ತೆಂಗಿನ ಸಿಪ್ಪೆಯ ತುಂಡು. ಚಟ್ಟಿಯ ಕೆಳಗೆ ತಟ್ಟೆ ಮಾತ್ರ ಇಡಬೇಡ, ನಿಂತ ನೀರಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ.

ಮೇ ಕೊನೆಯಲ್ಲಿ, ಪತ್ತನಾಜೆಯ ಹೊತ್ತಿಗೆ ಕರ್ಣಕುಂಡಲದ ಬೀಜ ಹಾಕು. ಮಳೆಗೆ ಖುಷಿಪಡುವ ಗಿಡ ಅದು, ಆಟಿ ತಿಂಗಳು ಕಳೆದು ಸೋಣ ಬರುವಾಗ ಹೂ ತುಂಬಿರುತ್ತದೆ, ಹೊಸ್ತಿಲ ಪೂಜೆಗೆ ಕೈಗೆಟಕುವಲ್ಲೇ ಹೂ. ಆಗಲೇ ಬೇರೆ ಚಟ್ಟಿಯಲ್ಲಿ, ಮಳೆ ಬೀಳದ ಕಡೆ, ಗೊಂಡೆಯ ಸಸಿ ಎಬ್ಬಿಸಿಟ್ಟರೆ ದೀಪಾವಳಿಗೆ ಚಟ್ಟಿ ಬದಲಾಯಿಸಿದರಾಯಿತು. ಬೇಸಿಗೆಗೆ ಹತ್ತು ಗಂಟೆ ಹೂ, ಬಂಟ್ವಾಳದ ಬಿಸಿಲನ್ನು ಅದು ತಡೆದುಕೊಳ್ಳುತ್ತದೆ. ಅರೆನೆರಳಿನ ಕಿಟಕಿಗಾದರೆ ಅಬ್ಬಲಿಗೆ, ಒಮ್ಮೆ ನೆಟ್ಟರೆ ಕೆಲವು ವರ್ಷ ಇರುತ್ತದೆ. ಆದರೆ ಜೂನ್, ಜುಲೈಯ ಜಡಿಮಳೆಗೆ ಅದರ ಬುಡ ಕೊಳೆಯುತ್ತದೆ, ಆ ಎರಡು ತಿಂಗಳು ಚಟ್ಟಿಯನ್ನು ಎತ್ತಿ ಜಗಲಿಯೊಳಗೆ ಇಡು.

ಅಬ್ಬಲಿಗೆಗೆ ನರ್ಸರಿಗೆ ಹೋಗಬೇಡ. ನಮ್ಮ ತೋಟದ ಬದಿಯಲ್ಲಿ ತಾನಾಗಿ ಹುಟ್ಟಿದ ಸಸಿ ಬೇಕಾದಷ್ಟಿದೆ. ಆಚಾರ್ರು ಪೆಟ್ಟಿಗೆ ಮುಗಿಸಿದ ಮೇಲೆ ಒಂದು ಫೋನ್ ಮಾಡು, ಬುಡದ ಮಣ್ಣು ಸಮೇತ ಕಿತ್ತು ತೊಟ್ಟೆಯಲ್ಲಿ ಕಟ್ಟಿಡುತ್ತೇನೆ.