ಎಂಜಿನ್ ಏಕೆ ಕಾಯುತ್ತದೆ?

ಬೇಸಿಗೆಯಲ್ಲಿ ಹಿಂದೂಪುರದಿಂದ ಕಲ್ಯಾಣದುರ್ಗದ ಕಡೆಗೆ ಹೋಗುವಾಗ, ಏರು ಹತ್ತಿದ ಲಾರಿಯೊಂದು ಆವಿ ಕಾರುತ್ತ ರಸ್ತೆಯ ಬದಿಯಲ್ಲಿ ನಿಂತಿರುವುದನ್ನು ನಾವು ನೋಡುವುದುಂಟು. ಬಯಲಿನಲ್ಲಿ ಚೆನ್ನಾಗಿ ಓಡಿದ ಗಾಡಿ ಏರಿನಲ್ಲಿ ಏಕೆ ಕಾಯಿತು?

ಎಂಜಿನ್ನಿನಲ್ಲಿ ಉರಿಯುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ಮಾತ್ರ ಕೆಲಸಕ್ಕೆ ಒದಗುತ್ತದೆ. ಉಳಿದದ್ದು ಶಾಖವಾಗಿ ಹೊರಹೋಗಬೇಕು. ಎಂಜಿನ್ನಿನ ಸುತ್ತ ಹರಿಯುವ ನೀರು ಆ ಶಾಖವನ್ನು ಹೀರಿ ರೇಡಿಯೇಟರಿಗೆ ತರುತ್ತದೆ. ಅಲ್ಲಿ ಗಾಳಿ ಅದನ್ನು ಆರಿಸುತ್ತದೆ. ಏರಿನಲ್ಲಿ ಇಂಧನ ಹೆಚ್ಚು ಉರಿಯುತ್ತದೆ. ವೇಗ ತಗ್ಗುವುದರಿಂದ ಎದುರುಗಾಳಿ ಮಾತ್ರ ಕಡಿಮೆ. ಆದುದರಿಂದ ಉಷ್ಣತೆಯ ಮುಳ್ಳು ಮೇಲೇರುತ್ತದೆ.

ಹಿಮದ ನಾಡುಗಳಲ್ಲಿ ಓಡುವ ಸ್ನೋಮೊಬೈಲ್ ಎಂಬ ವಾಹನಕ್ಕೂ ಇದೇ ನಿಯಮ. ಅಂತಹ ಹಲವು ವಾಹನಗಳಲ್ಲಿ, ಅಡಿಯ ಪಟ್ಟಿ ತಿರುಗುವಾಗ ಮೇಲಕ್ಕೆ ಎರಚುವ ಹಿಮವೇ ಎಂಜಿನ್ನಿನ ನೀರನ್ನು ತಂಪಾಗಿಸುತ್ತದೆ. ಹಿಮ ಮೆತ್ತಗಿದ್ದರೆ ಮುಳ್ಳು ಇಳಿಯುತ್ತದೆ. ಗಟ್ಟಿ ಮಂಜುಗಡ್ಡೆಯ ಹಾದಿಯಲ್ಲಾದರೋ ಹಿಮ ಮೇಲೇಳುವುದಿಲ್ಲ. ಕೊರೆಯುವ ಚಳಿಯಲ್ಲೂ ಎಂಜಿನ್ ಕಾಯುತ್ತದೆ! ಹುಟ್ಟುವ ಶಾಖಕ್ಕೂ ಹೊರಹೋಗುವ ಶಾಖಕ್ಕೂ ಸರಿದೂಗಬೇಕು ಎಂಬುದೇ ಇಲ್ಲಿಯ ಪಾಠ.

ಕಾದ ರೇಡಿಯೇಟರಿನ ಮುಚ್ಚಳವನ್ನು ಕೂಡಲೇ ತೆರೆಯಬಾರದು. ಒಳಗಿನ ಒತ್ತಡದಿಂದಾಗಿ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರಬಲ್ಲದು. ಮುಚ್ಚಳ ತೆಗೆದೊಡನೆ ಒತ್ತಡ ಇಳಿದು, ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಲೂಬಹುದು. ಗಾಡಿ ನಿಲ್ಲಿಸಿ, ಅದು ಪೂರ್ತಿ ಆರುವವರೆಗೆ ಕಾಯುವುದೇ ಕ್ಷೇಮ.

ಪ್ರಯಾಣದಲ್ಲಿ ತಡವಾದರೆ ಮನೆ ತಲುಪುವುದು ತಡವಾದೀತು, ಅಷ್ಟೆ. ಕಣ್ಣು ಹೋದರೆ ಮತ್ತೆ ಬರುವುದಿಲ್ಲ. ಈ ಮಾತನ್ನು ನಾವು ಮನೆಯವರಿಗೂ ತಿಳಿಸೋಣ.