ಹಾಸಿಗೆಯ ಪೆಲೆಟ್ ಒಲೆಗೆ, ಬೆಕ್ಕಿಗೆ: ಮಾಡಬೇಕಾದ್ದು, ಮಾಡಬಾರದ್ದು

ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳಲ್ಲಿ ದನ ಕಟ್ಟಿದ, ಬೆಕ್ಕು ಸಾಕಿದ ಕನ್ನಡ ಮನೆಗಳಿಗೆ ಈ ಸೂಚನೆ.

‘ಪ್ರಾಣಿಗಳ ಹಾಸಿಗೆಗೆ’ ಎಂದು ಅಚ್ಚಾದ ಕಟ್ಟಿಗೆ ಪೆಲೆಟ್ ಚೀಲ ಈಗ ಆನ್‌ಲೈನಿನಲ್ಲಿ ತರಿಸಿದರೆ ಮನೆ ಬಾಗಿಲಿಗೇ ಬರುತ್ತದೆ. ಗರಗಸದ ಹೊಟ್ಟನ್ನು ಒತ್ತಿ ಮಾಡಿದ, 6ರಿಂದ 8 ಮಿಲಿಮೀಟರ್ ದಪ್ಪದ ತುಂಡುಗಳು ಅವು. ಉರುವಲಿನ ಪೆಲೆಟ್ ಕೂಡ ನೋಡಲು ಹೀಗೇ ಇರುತ್ತದೆ. ಒಂದೇ ಚೀಲ ಕೊಟ್ಟಿಗೆಗೂ ಒಲೆಗೂ ಬೆಕ್ಕಿನ ಟ್ರೇಗೂ ನಡೆದೀತೇ? ಹೊಸದಾಗಿದ್ದು, ಒಣಗಿದ್ದು, ಒಳಗೆ ಬರೀ ಮರವೇ ಇದ್ದರೆ ನಡೆಯುತ್ತದೆ. ಒಮ್ಮೆ ಪ್ರಾಣಿಯ ಕಾಲಡಿಗೆ ಬಿದ್ದದ್ದು ಮಾತ್ರ ಮತ್ತೆ ಒಲೆಗೆ ಬರಕೂಡದು.

ಮಾಡಬಾರದ್ದು

ಬಳಸಿದ ಹಾಸಿಗೆಯನ್ನು ಒಣಗಿಸಿ ಉರಿಸಬೇಡಿ. ‘ಕುಳ್ಳು ಸುಡುವುದಿಲ್ಲವೇ, ಇದಕ್ಕೇನಾಯಿತು?’ ಎಂದು ಕೇಳುವವರಿದ್ದಾರೆ. ಕುಳ್ಳಿನ ಹೊಗೆಯೂ ಎದೆಗೆ ಒಳ್ಳೆಯದಲ್ಲ, ಆ ಮಾತು ಬೇರೆ. ಹಾಸಿಗೆ ಗಂಜಲ ಹೀರಿರುತ್ತದೆ. ಅದರ ಮೇಲೆ ಉಣ್ಣಿಯ ಪುಡಿ, ಬ್ಲೀಚಿಂಗ್ ಪೌಡರ್ ಬಿದ್ದಿರುತ್ತದೆ. ಬೆಂಕಿಗೆ ಹಾಕಿದರೆ ಅವೆಲ್ಲ ಅಡುಗೆ ಮಾಡುವವರ ಮೂಗಿಗೇ ಬರುತ್ತವೆ. ಅದರ ಜಾಗ ತಿಪ್ಪೆ.

ಪೆಲೆಟ್ಟನ್ನು ಮಣ್ಣಿನ ಒಲೆಗೆ ಸುರಿಯಬೇಡಿ. ಕೆಳಗಿಂದ ಗಾಳಿಯಾಡದೆ ಅದು ಉರಿಯುವುದಿಲ್ಲ, ಬರೀ ಹೊಗೆಯುತ್ತದೆ. ಅದಕ್ಕೆ ತಕ್ಕ ಒಲೆಯೇ ಬೇಕು. 2006ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಬಿಪಿ ಕಂಪನಿಯೂ ಕೂಡಿ ತಂದ ‘ಊರ್ಜಾ’ ಒಲೆ ಅಂಥದ್ದು. ಬ್ಯಾಟರಿಯ ಸಣ್ಣ ಫ್ಯಾನ್ ಗಾಳಿ ಊದುತ್ತಿತ್ತು, ಪೆಲೆಟ್ ತುಂಬಿ ಮೇಲಿಂದ ಹೊತ್ತಿಸಬೇಕಿತ್ತು. ಮಹಾರಾಷ್ಟ್ರ, ಕರ್ನಾಟಕದ ಹಳ್ಳಿಗಳಲ್ಲಿ ಚೆನ್ನಾಗಿಯೇ ಮಾರಾಟವಾಯಿತು. ಆಮೇಲೆ ಪೆಲೆಟ್ ತುಟ್ಟಿಯಾಯಿತು, ಒಲೆಗಳು ಮೂಲೆ ಸೇರಿದವು. ಆ ಪೆಲೆಟ್ಟಾದರೂ ಹೊಲದ ಕಸದ್ದು. ಹಾಸಿಗೆಯ ಪೆಲೆಟ್ ಅದಕ್ಕಿಂತ ತುಟ್ಟಿ. ತಿಂಗಳಿಗೆ ಎಷ್ಟು ಚೀಲ ಬೇಕು ಎಂದು ಲೆಕ್ಕ ಹಾಕದೆ ಒಲೆ ಕೊಳ್ಳಬೇಡಿ.

ಮಾಗಿಯ ಚಳಿಗೆ ಪೆಲೆಟ್ಟಿನ ಶೇಗಡಿಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕಲೇಬೇಡಿ. ಉರಿ ತಗ್ಗಿದ ಮೇಲೆ ಹೊಗೆ ಕಾಣುವುದಿಲ್ಲ, ಕೆಂಡ ಮಾತ್ರ ಕೆಂಪಗಿರುತ್ತದೆ, ನೋಡಿದವರಿಗೆ ಭಯವೇ ಆಗುವುದಿಲ್ಲ. ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಹೊರಡುವುದು ಆಗಲೇ. ಅದಕ್ಕೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ. ಹಳೆಯ ಮಣ್ಣಿನ ಮಾಳಿಗೆಗಳಲ್ಲಿ ಹೊಗೆ ಹೋಗಲು ಬೆಳಕಿಂಡಿ ಇರುತ್ತಿತ್ತು. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಆ ಕಲ್ಲು-ಮಣ್ಣಿನ ಮನೆಗಳೇ ಸಾವಿರಾರು ಜನರ ಮೇಲೆ ಕುಸಿದವು, ಆದ್ದರಿಂದ ಅವು ಹೋದದ್ದಕ್ಕೆ ಯಾರೂ ಅಳುವುದಿಲ್ಲ. ಆದರೆ ಈಗಿನ ಸಿಮೆಂಟ್ ಕೋಣೆಗೆ ಬೆಳಕಿಂಡಿಯಿಲ್ಲ ಎಂಬುದು ನೆನಪಿರಲಿ.

ಪ್ಲೈವುಡ್, ಬಣ್ಣ ಬಳಿದ ಕಟ್ಟಿಗೆ, ಗೆದ್ದಲಿನ ಔಷಧ ಹಚ್ಚಿದ ಮರದಿಂದ ಮಾಡಿದ ಪೆಲೆಟ್ ಒಲೆಗೂ ಬೇಡ, ಪ್ರಾಣಿಗೂ ಬೇಡ. ವಾಸನೆ ಬರದಿರಲೆಂದು ಸುಗಂಧ ಬೆರೆಸಿದ್ದನ್ನೂ ಉರಿಸಬೇಡಿ.

ದನದ ಮೇವಿನ ಪಕ್ಕದಲ್ಲಿ ಚೀಲ ಇಡಬೇಡಿ. ಅಂಗಡಿಯಲ್ಲಿ ‘ಗೋಳಿ ಪೇಂಡ್’ ಎಂದು ಕೊಡುವ ಪಶು ಆಹಾರಕ್ಕೂ ಇದಕ್ಕೂ ಮಬ್ಬುಗತ್ತಲಲ್ಲಿ ವ್ಯತ್ಯಾಸ ತಿಳಿಯದು. ಬೆಳಗಿನ ಜಾವ ಗೋದಲಿಗೆ ಇದನ್ನೇ ಸುರಿದುಬಿಟ್ಟರೆ ದೇವಣಿ ಆಕಳು ಓದಿ ನೋಡಿ ತಿನ್ನುವುದಿಲ್ಲ. ತಿಂದು ಮೆಲುಕು ನಿಲ್ಲಿಸಿದರೆ ಮನೆಮದ್ದು ಮಾಡುತ್ತ ಕೂರದೆ ಪಶುವೈದ್ಯರನ್ನು ಕರೆಯಿರಿ. ಉದಗೀರಿನಲ್ಲಿ ಪಶುವೈದ್ಯ ಕಾಲೇಜೇ ಇದೆ.

ಮಾಡಬೇಕಾದ್ದು

ಕೊಳ್ಳುವಾಗ ಒಂದು ಹಿಡಿ ಪೆಲೆಟ್ಟನ್ನು ಬಿಸಿನೀರಿನ ಲೋಟಕ್ಕೆ ಹಾಕಿ. ಬರೀ ಮರವಾದರೆ ಸ್ವಲ್ಪ ಹೊತ್ತಿನಲ್ಲಿ ಉಬ್ಬಿ ಹೊಟ್ಟಾಗುತ್ತದೆ. ಅಂಟು, ಬಣ್ಣ ಇದರಿಂದ ಗೊತ್ತಾಗುವುದಿಲ್ಲ. ಯಾವ ಮರದ್ದು, ಎಲ್ಲಿಯದು ಎಂದು ಬಾಯಿಬಿಟ್ಟು ಕೇಳಿ. ಚೀಲವನ್ನು ನೆಲದಿಂದ ಎತ್ತರಿಸಿ, ಮಳೆಯ ಇರಚಲು ತಾಗದ ಕಡೆ ಇಡಿ. ಒಮ್ಮೆ ನೆನೆದದ್ದು ಒಲೆಗೆ ಕೆಲಸಕ್ಕೆ ಬಾರದು.

ಕೊಟ್ಟಿಗೆಯಲ್ಲಿ ಹಾಸುವಾಗ ನೀರು ಚಿಮುಕಿಸಿ, ಅರಳಿದ ಮೇಲೆ ಹರಡಿ. ನಿಜ ಹೇಳಬೇಕೆಂದರೆ, ರಾಶಿ ಮುಗಿದಾಗ ಹೊಲದಲ್ಲೇ ಉಳಿಯುವ ಸೋಯಾ ಹೊಟ್ಟು, ಬೂಸು ಹಿಡಿಯದೆ ಒಣಗಿದ್ದರೆ, ದನಕ್ಕೆ ಸಾಕು. ದುಡ್ಡು ಕೊಟ್ಟು ಮರ ಹಾಸಬೇಕಿಲ್ಲ.

ಬೆಕ್ಕಿನ ವಿಷಯವೂ ಇಷ್ಟೇ. ತಿಪ್ಪೆ, ಹಿತ್ತಲು ಇರುವ ಮನೆಯ ಬೆಕ್ಕು ಪೆಲೆಟ್ ಕೇಳುವುದಿಲ್ಲ. ಲಾತೂರಿನಲ್ಲೋ ಪುಣೆಯಲ್ಲೋ ಮಹಡಿ ಮನೆಯಲ್ಲಿರುವ ಮಕ್ಕಳಿಗೆ ಬೇಕಾದೀತು. ಅವರಿಗೆ ಹೇಳಿ: ಮಲವನ್ನು ದಿನಾ ತೆಗೆಯಿರಿ. ಬೆಕ್ಕಿನ ಮಲದಲ್ಲಿ ಇರಬಹುದಾದ ಟಾಕ್ಸೊಪ್ಲಾಸ್ಮಾ ಸೋಂಕು ಹರಡಲು ಒಂದರಿಂದ ಐದು ದಿನ ಬೇಕು, ಅಷ್ಟರೊಳಗೆ ಹೊರಗೆ ಹೋಗಬೇಕು. ಬಸುರಿಯರು ಆ ಟ್ರೇ ಮುಟ್ಟಬಾರದು. ಟ್ರೇಯ ಹೊಟ್ಟನ್ನು ಕೊತ್ತಂಬರಿ, ಮೆಂತ್ಯದ ಮಡಿಗೆ ಗೊಬ್ಬರವೆಂದು ಹಾಕಬಾರದು.

ಒಲೆಯ ಬೂದಿಯನ್ನು ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ತುಂಬಿ, ಒಂದು ರಾತ್ರಿ ಹೊರಗಿಟ್ಟು, ತಣ್ಣಗಾದ ಮೇಲೆ ಚೆಲ್ಲಿ. ಒಳಗೆ ಕೆಂಡ ಬಹಳ ಹೊತ್ತು ಇರುತ್ತದೆ. ಯಾವ ಮರದ್ದೆಂದು ಗೊತ್ತಿಲ್ಲದ ಪೆಲೆಟ್ಟಿನ ಬೂದಿಯಿಂದ ಪಾತ್ರೆ ತಿಕ್ಕಬೇಡಿ.