ಓಟಗಾರ್ತಿಯ ಮನೆ



ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಓಟಗಾರನ ಮಾತು ಬರುತ್ತದೆ. ಬಾಡಿಹೋಗುವ ಕಿರೀಟಕ್ಕಾಗಿ ಆತ ತನ್ನ ದೇಹವನ್ನು ಎಷ್ಟು ದಂಡಿಸುತ್ತಾನೆ ನೋಡಿ ಎಂದು ಪೌಲರು ತೋರಿಸಿಕೊಡುತ್ತಾರೆ. ಕೊರಿಂಥದವರಿಗೆ ಇದು ಕಣ್ಣಾರೆ ಕಂಡ ಸಂಗತಿ. ಅವರ ಪಟ್ಟಣದ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ಇಸ್ತ್ಮಿಯ ಕ್ರೀಡಾಕೂಟ ನಡೆಯುತ್ತಿತ್ತು. ಗೆದ್ದವನ ತಲೆಗೆ ಪೈನ್ ಎಲೆಯ ಇಲ್ಲವೇ ಒಣಗಿದ ಸೆಲರಿ ಸೊಪ್ಪಿನ ಕಿರೀಟ. ಈ ವಾಚನ ಬಂದಾಗಲೆಲ್ಲ ನಾನೂ ಶಿಸ್ತು, ಸಂಯಮ, ಗುರಿ ಎಂದು ಪ್ರಬೋಧನೆ ಮಾಡಿದ್ದೇನೆ. ಓಟ ಮುಗಿಸಿದವನು ಯಾವ ಮನೆಗೆ ಹೋಗುತ್ತಾನೆ, ಅಲ್ಲಿ ಬಾಗಿಲು ತೆರೆಯುವವರು ಯಾರು ಎಂದು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳುವಂತೆ ಮಾಡಿದವರು ಪೂರ್ವ ಆಫ್ರಿಕಾದ ಓಟಗಾರ್ತಿಯರು. ಕುಟುಂಬದ ಪುಟಕ್ಕೂ ಓಟಕ್ಕೂ ಏನು ಸಂಬಂಧ ಎನ್ನುವವರು ಸ್ವಲ್ಪ ದೂರ ಜೊತೆಗೆ ಬನ್ನಿ.

ಪಶ್ಚಿಮ ಕೆನ್ಯಾದಲ್ಲಿ, ಕೆರಿಯೊ ಕಣಿವೆಯ ಅಂಚಿನಲ್ಲಿ, ಇಟೆನ್ ಎಂಬ ಸಣ್ಣ ಊರಿದೆ. ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಅಲ್ಲಿ ಗಾಳಿ ತೆಳು, ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಅಲ್ಲಿ ಬಹುಕಾಲ ಇದ್ದವರ ರಕ್ತದಲ್ಲಿ ಆಮ್ಲಜನಕ ಹೊರುವ ಕೆಂಪು ಕಣಗಳು ಹೆಚ್ಚುತ್ತವೆ. 1976ರಲ್ಲಿ ಆ ಊರಿನ ಸೇಂಟ್ ಪ್ಯಾಟ್ರಿಕ್ಸ್ ಶಾಲೆಗೆ ಭೂಗೋಳ ಪಾಠ ಹೇಳಲು ಐರ್ಲೆಂಡಿನಿಂದ ಪೆಟ್ರೀಷಿಯನ್ ಸಭೆಯ ಬ್ರದರ್ ಕಾಲಮ್ ಓಕಾನೆಲ್ ಬಂದರು. ಓಟದ ತರಬೇತಿಯ ಗಂಧಗಾಳಿ ಅವರಿಗಿರಲಿಲ್ಲ. ಹುಡುಗರು ಓಡುವುದನ್ನು ನೋಡಿ ನೋಡಿಯೇ ಕಲಿತರು. 1987ರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದ ಮೊದಲ ಆಫ್ರಿಕನ್ ಇಬ್ರಾಹಿಂ ಹುಸೇನ್, 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 1,500 ಮೀಟರ್ ಓಟದ ಚಿನ್ನ ಗೆದ್ದ ಪೀಟರ್ ರೊನೊ ಆ ಶಾಲೆಯವರು. ಮುಂದೆ ರಜಾ ಶಿಬಿರಗಳಲ್ಲಿ ಬ್ರದರ್ ಹುಡುಗಿಯರಿಗೂ ತರಬೇತಿ ಕೊಟ್ಟರು. ಹೀಗೆ ಒಂದು ಊರು ಓಟವನ್ನೇ ಕಸುಬು ಮಾಡಿಕೊಂಡಿತು.

ಆ ಕಸುಬಿನ ದಿನಚರಿ ಕೇಳಿ. ನಸುಕಿನಲ್ಲೇ ಕೆಮ್ಮಣ್ಣಿನ ದಾರಿಯಲ್ಲಿ ಗುಂಪುಗಳು ಸೇರುತ್ತವೆ. ಮೊದಲ ಹೆಜ್ಜೆಗಳನ್ನು ಕಂಡರೆ ಇವರು ಜಗತ್ತಿನ ವೇಗದ ಓಟಗಾರರೆಂದು ನಂಬುವುದು ಕಷ್ಟ. ಸಂತೆಗೆ ಹೊರಟವರಂತೆ ಅಷ್ಟು ನಿಧಾನ. ಮೈ ಬಿಸಿಯಾದಂತೆ ವೇಗ ಏರುತ್ತದೆ. ವಾರದಲ್ಲಿ ಒಂದು ದಿನ ಟ್ರ್ಯಾಕಿನ ಮೇಲೆ ವೇಗದ ಅಭ್ಯಾಸ, ಒಂದು ದಿನ 30ರಿಂದ 40 ಕಿಲೋಮೀಟರ್ ದೀರ್ಘ ಓಟ, ಮತ್ತೊಂದು ದಿನ ಏರುತಗ್ಗಿನಲ್ಲಿ ಕೆಲವು ನಿಮಿಷ ಬಿರುಸು, ಕೆಲವು ನಿಮಿಷ ಸಾವಕಾಶ. ಉಳಿದ ದಿನಗಳಲ್ಲಿ ಹಗುರ ಓಟ. ಮ್ಯಾರಥಾನ್ ಓಟಗಾರರಿಗೆ ವಾರದ ಲೆಕ್ಕ 150ರಿಂದ 200 ಕಿಲೋಮೀಟರ್ ಆಗುತ್ತದೆ. ಬೆಳಗಿನ ಓಟಕ್ಕೂ ಸಂಜೆಯ ಓಟಕ್ಕೂ ನಡುವೆ ಕೆಲಸ ಎರಡೇ: ಉಣ್ಣುವುದು, ಮಲಗುವುದು. ನಮ್ಮ ಮುದ್ದೆಯಂತೆ ತಿರುವಿದ ಮುಸುಕಿನ ಜೋಳದ ಉಗಾಲಿ, ಸೊಪ್ಪಿನ ಪಲ್ಯ, ಹಾಲು ಸಕ್ಕರೆ ಹಾಕಿದ ಚಹಾ. ನಿದ್ದೆಯಲ್ಲೇ ಸ್ನಾಯುಗಳು ದುರಸ್ತಿಯಾಗುವುದರಿಂದ ವಿಶ್ರಾಂತಿಯೂ ತರಬೇತಿಯ ಭಾಗ. ಗಂಡಸಾದರೆ ಓಡಿ ಬಂದು ಮಲಗಬಹುದು. ಹೆಣ್ಣು ಓಡಿ ಬಂದರೆ ಒಲೆ ಕಾದಿರುತ್ತದೆ, ಮಕ್ಕಳು ಕಾದಿರುತ್ತಾರೆ. ಅವಳಿಗೆ ಮಧ್ಯಾಹ್ನದ ನಿದ್ದೆ ಸಿಗಬೇಕಾದರೆ ಮನೆಯಲ್ಲಿ ಬೇರೊಬ್ಬರು ಪಾತ್ರೆ ತೊಳೆಯಬೇಕು.

ಇನ್ನು ಸಂಪಾದನೆ. ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. ಒಮ್ಮೆ ಪೂರ್ಣ ಶಕ್ತಿಯಿಂದ ಓಡಿದ ಮೈ ಚೇತರಿಸಿಕೊಳ್ಳಲು ವಾರಗಳೇ ಬೇಕು. ಆದ್ದರಿಂದ ಮೇಲ್ಮಟ್ಟದವರು ವರ್ಷಕ್ಕೆ ಎರಡು, ಹೆಚ್ಚೆಂದರೆ ಮೂರು ಓಡುತ್ತಾರೆ. ಒಂದು ಬೆಳಿಗ್ಗೆ ಹೊಟ್ಟೆ ಕೆಟ್ಟರೆ, ಹಿಮ್ಮಡಿ ನೊಂದರೆ ಅರ್ಧ ವರ್ಷದ ಆದಾಯ ಹೋಯಿತು. ಗೆದ್ದರೆ? 2017ರ ಬಾಸ್ಟನ್ ಮ್ಯಾರಥಾನಿನ ಮೊದಲ ಬಹುಮಾನ 1,50,000 ಡಾಲರ್. ಅದರಲ್ಲಿ ಏಜೆಂಟನ ಪಾಲು, ತೆರಿಗೆ ಕಳೆಯಬೇಕು. ಉದ್ದೀಪನ ಮದ್ದಿನ ಪರೀಕ್ಷೆಯ ಫಲಿತಾಂಶ ಬರುವವರೆಗೂ ಹಣ ಕೈಗೆ ಬಾರದು. ಆದರೂ ಹೊಲ, ಹಸು, ಒಂದೆರಡು ಬಾಡಿಗೆ ಮನೆಗಳಿಗೆ ಸಾಕು. ಅಂಥ ದಿನ ಕಾಣದೆ ನೂರಾರು ಮಂದಿ ಅದೇ ದಾರಿಯಲ್ಲಿ ಓಡುತ್ತಲೇ ಇರುತ್ತಾರೆ.

ಆ ವರ್ಷ ಬಾಸ್ಟನ್ ಗೆದ್ದವರು ಎಡ್ನಾ ಕಿಪ್ಲಗಟ್, ತಮ್ಮ 37ನೆಯ ವಯಸ್ಸಿನಲ್ಲಿ. 2011 ಮತ್ತು 2013ರಲ್ಲಿ ಮ್ಯಾರಥಾನಿನ ವಿಶ್ವ ಚಾಂಪಿಯನ್. 2011ರಲ್ಲಿ ಕೊರಿಯಾದ ಡೇಗುವಿನಲ್ಲಿ ನಡೆದ ಓಟದ ಕೊನೆಯ ಹಂತದಲ್ಲಿ, ನೀರಿನ ಮೇಜಿನ ಬಳಿ, ಜೊತೆಗಾತಿ ಶ್ಯಾರನ್ ಚೆರೊಪ್ ಕಾಲಿಗೆ ತೊಡರಿ ಬಿದ್ದರು. ಶ್ಯಾರನ್ ನಿಂತು ವಿಚಾರಿಸಿಕೊಂಡರು. ಎದ್ದ ಎಡ್ನಾ ಚಿನ್ನ ಗೆದ್ದರು, ಶ್ಯಾರನ್‌ಗೆ ಕಂಚು. ಎಡ್ನಾ ಅವರ ಪತಿ ಗಿಲ್ಬರ್ಟ್ ಕೊಯೆಚ್ ತಾವೂ ಓಟಗಾರರು, ಆಕೆಯ ತರಬೇತುದಾರರು. ತೀರಿಕೊಂಡ ಸಹೋದರಿಯ ಮಕ್ಕಳನ್ನೂ ಈ ದಂಪತಿ ತಮ್ಮ ಮಕ್ಕಳೊಂದಿಗೆ ಸಾಕಿದರು. ಗಂಡನೇ ತರಬೇತುದಾರನಾಗುವುದರಲ್ಲಿ ತಪ್ಪೇನೂ ಇಲ್ಲ ಎಂಬುದಕ್ಕೆ ಈ ಮನೆಯ ಮಾತು ಹೇಳಿದೆ.

ಈಗ ಇನ್ನೊಂದು ಮನೆ. ಆಗ್ನೆಸ್ ಟಿರೊಪ್ 2015ರಲ್ಲಿ, 19ನೆಯ ವಯಸ್ಸಿನಲ್ಲಿ, ವಿಶ್ವ ಕ್ರಾಸ್‌ಕಂಟ್ರಿ ಚಾಂಪಿಯನ್ ಆದರು. 2017 ಮತ್ತು 2019ರ ವಿಶ್ವ ಚಾಂಪಿಯನ್‌ಶಿಪ್‌ಗಳಲ್ಲಿ 10,000 ಮೀಟರ್ ಓಟದ ಕಂಚು. 2021ರ ಸೆಪ್ಟೆಂಬರ್ 12ರಂದು ಜರ್ಮನಿಯಲ್ಲಿ, ಮಹಿಳೆಯರಷ್ಟೇ ಓಡುವ 10 ಕಿಲೋಮೀಟರ್ ರಸ್ತೆ ಓಟವನ್ನು 30 ನಿಮಿಷ 1 ಸೆಕೆಂಡಿನಲ್ಲಿ ಮುಗಿಸಿ ವಿಶ್ವದಾಖಲೆ ಬರೆದರು. ಸುಮಾರು ಒಂದು ತಿಂಗಳ ಮೇಲೆ, ಅಕ್ಟೋಬರ್ 13ರಂದು, ಇಟೆನ್‌ನ ತಮ್ಮ ಮನೆಯಲ್ಲಿ ಇರಿತದ ಗಾಯಗಳೊಂದಿಗೆ ಶವವಾಗಿ ಸಿಕ್ಕರು. ಕೊಲೆಯ ಆರೋಪ ಬಂದದ್ದು ಪತಿಯ ಮೇಲೆ. ಆತ ನ್ಯಾಯಾಲಯದಲ್ಲಿ ಅದನ್ನು ಅಲ್ಲಗಳೆದ. ಆಕೆಯನ್ನು ಮಣ್ಣು ಮಾಡಿದ ದಿನ ಅಕ್ಟೋಬರ್ 23. ಇದ್ದಿದ್ದರೆ ಅಂದು 26 ತುಂಬುತ್ತಿತ್ತು.

ಆ ಸಾವಿನ ನಂತರ ಅನೇಕ ಓಟಗಾರ್ತಿಯರು ಬಾಯಿ ಬಿಟ್ಟರು. ಅವರು ಹೇಳಿದ್ದು ಒಂದು ಪದ್ಧತಿಯ ಬಗ್ಗೆ. ಬಡ ಮನೆಯ ಹುಡುಗಿ ಶಾಲೆಯ ಓಟದಲ್ಲಿ ಗೆಲ್ಲುತ್ತಾಳೆ. ಅವಳಿಗೆ ಶೂ ಕೊಡಿಸಲು, ಅಭ್ಯಾಸದಲ್ಲಿ ಮುಂದೆ ಓಡಿ ವೇಗ ಹಿಡಿದುಕೊಡಲು ಒಬ್ಬ ಗಂಡಸು ಬರುತ್ತಾನೆ. ಅವನೇ ತರಬೇತುದಾರ, ಅವನೇ ಮ್ಯಾನೇಜರ್, ಆಮೇಲೆ ಅವನೇ ಗಂಡ. ಎಷ್ಟು ಓಡಬೇಕು, ಯಾವಾಗ ಮಲಗಬೇಕು, ಯಾವ ಸ್ಪರ್ಧೆಗೆ ಹೋಗಬೇಕು ಎಂಬುದನ್ನೆಲ್ಲ ತರಬೇತುದಾರನಿಗೆ ಒಪ್ಪಿಸುವುದು ಆ ಕಸುಬಿನ ರೀತಿ. ಆ ವಿಧೇಯತೆಯೇ ಅಡುಗೆಮನೆಗೂ ಬ್ಯಾಂಕಿನ ಖಾತೆಗೂ ಹರಡಿಕೊಳ್ಳುತ್ತದೆ. ಅವಳು ಗೆದ್ದ ಹಣದಲ್ಲಿ ಕೊಂಡ ಹೊಲ ಅವನ ಹೆಸರಿನಲ್ಲಿ ನೋಂದಣಿಯಾಗುತ್ತದೆ. ಅವಳು ಒಂದು ದಿನ ಲೆಕ್ಕ ಕೇಳುತ್ತಾಳೆ. ಅಪಾಯ ಶುರುವಾಗುವುದು ಆ ದಿನ.

ಗುರುಮಠದಲ್ಲಿ ನಾವು ತತ್ವಶಾಸ್ತ್ರ ಓದುವಾಗ, ಮನುಷ್ಯನನ್ನು ಎಂದೂ ಸಾಧನವಾಗಿ ಮಾತ್ರ ಕಾಣಬಾರದು ಎಂಬ ತತ್ವವನ್ನು ಬಾಯಿಪಾಠ ಮಾಡಿದ್ದೆವು. ಎರಡನೆಯ ಜಾನ್ ಪೌಲ್ ಪಾಪುಗಳು 1981ರಲ್ಲಿ ಕುಟುಂಬದ ಕುರಿತು ಹೊರಡಿಸಿದ ಪ್ರಬೋಧನಾ ಪತ್ರದಲ್ಲಿ, ಸ್ತ್ರೀಯನ್ನು ವಸ್ತುವಾಗಿ, ಲಾಭದ ಸರಕಾಗಿ ಕಾಣುವ ಮನೋಭಾವವನ್ನು ಸ್ಪಷ್ಟವಾಗಿ ಖಂಡಿಸಿದ್ದಾರೆ. ಆದರೂ ನಮ್ಮವರಲ್ಲಿ ಕೆಲವರು, ಗಂಡಹೆಂಡಿರು ಒಂದೇ ಶರೀರ ಎಂಬ ಆದಿಕಾಂಡದ ಬೋಧನೆಯನ್ನು ಒಂದೇ ಪರ್ಸು, ಅದೂ ಗಂಡನ ಜೇಬಿನಲ್ಲಿ ಎಂದು ಓದುತ್ತಾರೆ! ನಿಮ್ಮ ಮನೆಯಲ್ಲಿ ಓಟಗಾರ್ತಿ ಇಲ್ಲದಿರಬಹುದು. ಸಂಬಳ ತರುವ ಮಗಳೋ ಸೊಸೆಯೋ ಇದ್ದಾಳು. ಮದುವೆ ಸಿದ್ಧತೆಯ ತರಗತಿಯಲ್ಲಿ ನಾನೊಮ್ಮೆ, ಹೆಂಡತಿಯ ಎಟಿಎಂ ಕಾರ್ಡು ಯಾರ ಬಳಿ ಇರಬೇಕು ಎಂದು ಕೇಳಿದೆ. ಹುಡುಗರು ನಕ್ಕರು. ಹುಡುಗಿಯರು ನಗಲಿಲ್ಲ.

ಉಗಾಂಡದ ರೆಬೆಕಾ ಚೆಪ್ಟೆಗೈ ತರಬೇತಿಯ ಅನುಕೂಲಕ್ಕೆಂದು ಗಡಿ ದಾಟಿ ಕೆನ್ಯಾದ ಎಂಡೆಬೆಸ್‌ನಲ್ಲಿ ಜಾಗ ಕೊಂಡು ಮನೆ ಕಟ್ಟಿದ್ದರು. 2024ರ ಆಗಸ್ಟ್ 11ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಓಡಿ 44ನೆಯವರಾಗಿ ಮುಗಿಸಿದರು. ಸೆಪ್ಟೆಂಬರ್ 1, ಭಾನುವಾರ. ಮಕ್ಕಳೊಂದಿಗೆ ದೇವಾಲಯಕ್ಕೆ ಹೋಗಿದ್ದರು. ಆ ಹೊತ್ತಿನಲ್ಲಿ ಮನೆಯ ಆವರಣಕ್ಕೆ ನುಗ್ಗಿ ಕಾದಿದ್ದ ಸಂಗಾತಿ, ಅವರು ಹಿಂದಿರುಗಿದಾಗ ಪೆಟ್ರೋಲ್ ಸುರಿದು ಬೆಂಕಿ ಹಚ್ಚಿದ. ಇಬ್ಬರ ನಡುವೆ ಆ ಜಾಗದ ಬಗ್ಗೆಯೇ ವ್ಯಾಜ್ಯವಿತ್ತು. ನಾಲ್ಕು ದಿನಗಳ ಮೇಲೆ ರೆಬೆಕಾ ಎಲ್ಡೊರೆಟ್‌ನ ಆಸ್ಪತ್ರೆಯಲ್ಲಿ ತೀರಿಕೊಂಡರು. ವಯಸ್ಸು 33. ಸುಟ್ಟ ಗಾಯಗಳಿಂದ ಅವನೂ ಕೆಲವು ದಿನಗಳಲ್ಲಿ ಸತ್ತ. ಭಾನುವಾರ ಪೂಜೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಜನರನ್ನು ಬೀಳ್ಕೊಡುವಾಗ ಈ ಸಂಗತಿ ನನಗೆ ಈಗಲೂ ನೆನಪಾಗುತ್ತದೆ.

ಆಗ್ನೆಸ್ ಸತ್ತ ಒಂದು ತಿಂಗಳೊಳಗೆ, 2021ರ ನವೆಂಬರಿನಲ್ಲಿ, ಆಕೆಯ ಗೆಳತಿ ವಯೋಲಾ ಚೆಪ್ಟೂ ನ್ಯೂಯಾರ್ಕಿನಲ್ಲಿ ತಮ್ಮ ಮೊದಲ ಮ್ಯಾರಥಾನ್ ಓಡಿ ಎರಡನೆಯವರಾದರು. ಅವರೂ ಇತರ ಓಟಗಾರ್ತಿಯರೂ ಸೇರಿ ಟಿರೊಪ್ಸ್ ಏಂಜಲ್ಸ್ ಎಂಬ ಸಂಘ ಕಟ್ಟಿದ್ದಾರೆ. ಮನೆಯಲ್ಲಿ ಹಿಂಸೆಗೆ ಸಿಕ್ಕ ಹೆಣ್ಣುಮಕ್ಕಳಿಗೆ ಅಲ್ಲಿ ಸಾಂತ್ವನ, ಸಲಹೆ ಸಿಗುತ್ತದೆ. ಶಾಲೆಗಳಿಗೆ, ಶಿಬಿರಗಳಿಗೆ ಹೋಗಿ ಹುಡುಗಿಯರೊಂದಿಗೆ ಮಾತನಾಡುತ್ತಾರೆ. ಹುಡುಗರೊಂದಿಗೂ ಮಾತನಾಡುತ್ತಾರೆ.